ಭೂತಗನ್ನಡಿಯಿಂದ ವಿಡಿಯೊ ಪರದೆಯವರೆಗೆ: ಮಂದದೃಷ್ಟಿಯವರ ಓದಿಗೆ ಯಾವ ಸಾಧನ ಒದಗುತ್ತದೆ?

ಓದುವ ಮಸೂರಗಳ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವುದು ಒಂದೇ ಸಂಖ್ಯೆ: 3ಎಕ್ಸ್, 5ಎಕ್ಸ್, 10ಎಕ್ಸ್, ಅಂದರೆ ಇಷ್ಟು ಪಟ್ಟು ಹಿಗ್ಗಿಸುತ್ತದೆ ಎಂದು. ಕೊಳ್ಳುವವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ, ಆಯ್ಕೆ ಹಳಿ ತಪ್ಪುವುದೂ ಅಲ್ಲಿಂದಲೇ. ಮಸೂರದ ಶಕ್ತಿಯನ್ನು ಅಳೆಯುವ ಮಾನ ಡಯಾಪ್ಟರ್. ಹತ್ತು ಡಯಾಪ್ಟರ್ ಶಕ್ತಿಯ ಒಂದೇ ಮಸೂರವನ್ನು ಒಬ್ಬ ತಯಾರಕ 2.5ಎಕ್ಸ್ ಎಂದೂ ಇನ್ನೊಬ್ಬ 3.5ಎಕ್ಸ್ ಎಂದೂ ಮಾರಬಹುದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಮೊದಲನೆಯವರು ಡಯಾಪ್ಟರನ್ನು ನಾಲ್ಕರಿಂದ ಭಾಗಿಸುತ್ತಾರೆ, ಎರಡನೆಯವರು ಹಾಗೆ ಭಾಗಿಸಿ ಒಂದನ್ನು ಕೂಡುತ್ತಾರೆ, ಅಷ್ಟೆ. ಆದ್ದರಿಂದ ಈ ವಿಮರ್ಶೆಯಲ್ಲಿ ಎಕ್ಸ್ ಬಿಟ್ಟು ಡಯಾಪ್ಟರ್ ಲೆಕ್ಕವನ್ನೇ ಹಿಡಿದಿದ್ದೇವೆ. ನೂರನ್ನು ಡಯಾಪ್ಟರ್‌ನಿಂದ ಭಾಗಿಸಿದರೆ ಸಂಗಮದೂರ (ದೂರದಿಂದ ಬಂದ ಬೆಳಕನ್ನು ಮಸೂರ ಒಂದು ಬಿಂದುವಿಗೆ ಕೂಡಿಸುವ ದೂರ) ಸೆಂ.ಮೀ.ನಲ್ಲಿ ಸಿಗುತ್ತದೆ. +10 ಅಂದರೆ 10 ಸೆಂ.ಮೀ., +20 ಅಂದರೆ 5 ಸೆಂ.ಮೀ. ಒಂದು ಮಸೂರದ ಗುಣದೋಷಗಳಲ್ಲಿ ಹೆಚ್ಚಿನವು ಈ ದೂರದಲ್ಲೇ ಅಡಗಿವೆ.

ಇಲ್ಲಿ ನೋಡಿರುವುದು ಕೈಮಸೂರ, ಸ್ಟ್ಯಾಂಡ್ ಮಸೂರ, ಗುಮ್ಮಟ ಮಸೂರ, ಹೆಚ್ಚು ಶಕ್ತಿಯ ಓದುವ ಕನ್ನಡಕ, ವಿಡಿಯೊ ಮ್ಯಾಗ್ನಿಫೈಯರ್ ಮತ್ತು ಮೊಬೈಲ್-ಟ್ಯಾಬ್ಲೆಟ್‌ಗಳನ್ನು. ಕಂಪನಿಗಳ ಹೆಸರು ಹಿಡಿದು ಹೋಲಿಸಿಲ್ಲ. ಒಂದೇ ಬಗೆಯ ಎರಡು ಸಾಧನಗಳ ನಡುವಿನ ಅಂತರಕ್ಕಿಂತ ಬಗೆಬಗೆಗಳ ನಡುವಿನ ಅಂತರ ಬಹಳ ದೊಡ್ಡದು, ತಪ್ಪು ನಡೆಯುವುದೂ ಹೆಚ್ಚಾಗಿ ಅಲ್ಲೇ.

ಮೊದಲು ಕಣ್ಣಿನ ಲೆಕ್ಕ

ಕನ್ನಡಕ ಕೊಟ್ಟಾಯಿತು, ಪೊರೆ ತೆಗೆದಾಯಿತು, ಚಿಕಿತ್ಸೆಯೂ ಮುಗಿಯಿತು. ಅದಾದ ಮೇಲೂ ಎರಡರಲ್ಲಿ ಉತ್ತಮವಾಗಿರುವ ಕಣ್ಣಿನ ನೋಟ 6/18ಕ್ಕಿಂತ (ಸರಿಯಾದ ಕಣ್ಣು 18 ಮೀಟರಿನಿಂದ ಗುರುತಿಸುವುದನ್ನು 6 ಮೀಟರಿನಿಂದ ಗುರುತಿಸುವ ನೋಟ) ಕೆಳಗೇ ಉಳಿದರೆ, ಅಥವಾ ನೋಟದ ವ್ಯಾಪ್ತಿ ತೀರಾ ಕಿರಿದಾಗಿದ್ದರೆ ಅದನ್ನು ಮಂದದೃಷ್ಟಿ ಎನ್ನುತ್ತಾರೆ. ಆದರೆ ಓದಿನ ವಿಷಯಕ್ಕೆ ಬಂದಾಗ 6/60 ಎಂಬ ಒಂದು ಅಂಕಿಯಿಂದ ಏನೂ ತಿಳಿಯುವುದಿಲ್ಲ. ಅದೇ 6/60 ಇರುವ ಇಬ್ಬರಲ್ಲಿ ಒಬ್ಬರು ಮಸೂರ ಹಿಡಿದು ಸರಾಗ ಓದಿಯಾರು, ಇನ್ನೊಬ್ಬರು ಒಂದು ಪದಕ್ಕೇ ತಿಣುಕಿಯಾರು. ಕಾರಣ, ಹಾಳಾಗಿರುವುದು ಯಾವ ಭಾಗ ಎಂಬುದು.

ಅಕ್ಷಿಪಟಲದ ನಡುಭಾಗವಾದ ಮ್ಯಾಕ್ಯುಲಾ ಸವೆದರೆ ನೇರ ನೋಡಿದ ಜಾಗವೇ ಮಸುಕಾಗುತ್ತದೆ. ವಯಸ್ಸಿನ ಜೊತೆ ಬರುವ ಮ್ಯಾಕ್ಯುಲಾ ಕ್ಷಯದಲ್ಲಿ ಆಗುವುದು ಇದೇ. ಜನ ಊಹಿಸುವಂತೆ ಅಲ್ಲಿ ಕಪ್ಪು ಚುಕ್ಕೆ ಕಾಣಬೇಕೆಂದೇನೂ ಇಲ್ಲ. ಮಿದುಳು ಆ ಜಾಗವನ್ನು ಸುತ್ತಲಿನ ಬಿಳುಪಿನಿಂದ ತುಂಬಿಬಿಡುತ್ತದೆ. ಹೀಗಾಗಿ 'ಅಕ್ಷರ ಮಸುಕು' ಎನ್ನುವುದರ ಬದಲು 'ಪದದ ಒಂದು ತುಂಡೇ ಇಲ್ಲ' ಎನ್ನುತ್ತಾರೆ, 'ಮುದ್ರಣ ಸರಿಯಿಲ್ಲ' ಎಂದು ಪುಸ್ತಕದ ಮೇಲೆ ದೂರುವುದೂ ಉಂಟು. ಇಂಥವರು ನಡುಭಾಗ ಬಿಟ್ಟು ಪಕ್ಕದ ಆರೋಗ್ಯವಂತ ಜಾಗದಿಂದ ಓದಬೇಕು. ಆ ಪಕ್ಕದ ಜಾಗಕ್ಕೆ ನಡುವಿನಷ್ಟು ಸೂಕ್ಷ್ಮತೆ ಇಲ್ಲ. ಅಷ್ಟೇ ಅಲ್ಲ, ಅಕ್ಕಪಕ್ಕದ ಅಕ್ಷರಗಳು ಅಲ್ಲಿ ಒಂದರ ಮೇಲೊಂದು ಬಿದ್ದಂತೆ ಕಲಸಿಹೋಗುತ್ತವೆ. ಒಂದು ನೋಟಕ್ಕೆ ಹಿಡಿಯುವ ಅಕ್ಷರಗಳ ಸಂಖ್ಯೆಯೂ ಕಡಿಮೆ. ಎಷ್ಟೇ ದೊಡ್ಡದು ಮಾಡಿದರೂ ಹಳೆಯ ವೇಗ ಮರಳದಿರುವುದು ಇದರಿಂದಲೇ. ಸಾಧನ ಮಾರುವವರು ಇದನ್ನು ಹೇಳುವುದು ಅಪರೂಪ.

ಕನ್ನಡ ಲಿಪಿಗೆ ಇದರಲ್ಲಿ ಒಂದು ವಿಶೇಷ ತೊಡಕಿದೆ. ದ, ಧ, ಥ ಒಂದು ಗೀಟು ಅಥವಾ ಚುಕ್ಕೆಯಲ್ಲಿ ಬೇರೆಯಾಗುತ್ತವೆ. ರ ಮತ್ತು ಠ, ಪ ಮತ್ತು ಫ, ಬ ಮತ್ತು ಭ ಕೂಡ ಹಾಗೆಯೇ. ಮ ಮತ್ತು ವು ಮಸುಕಿನಲ್ಲಿ ಒಂದೇ. ಒತ್ತಕ್ಷರ ಮೂಲ ಅಕ್ಷರಕ್ಕಿಂತ ಎಷ್ಟೋ ಚಿಕ್ಕದಾಗಿ ಸಾಲಿನ ಕೆಳಗೆ ಕೂರುತ್ತದೆ, ಕೆಳಸಾಲಿನ ತಲೆಕಟ್ಟಿಗೆ ತಾಗುವಷ್ಟು ಹತ್ತಿರ. ಆದ್ದರಿಂದ ಅಕ್ಷರದ ಗಾತ್ರ ನೋಡಿ ಮಸೂರ ಆರಿಸಿದರೆ ಸಾಲದು, ಒತ್ತಕ್ಷರ ಮತ್ತು ಮಹಾಪ್ರಾಣದ ಗೀಟು ಕಾಣುತ್ತದೆಯೇ ಎಂದು ಪರೀಕ್ಷಿಸಬೇಕು. ಇಂಗ್ಲಿಷ್ ಪಟ್ಟಿಯಲ್ಲಿ ಓದಿಸಿ ಕೊಟ್ಟ ಶಕ್ತಿ ಕನ್ನಡ ಪುಸ್ತಕಕ್ಕೆ ಕಡಿಮೆ ಬೀಳುವುದು ಇಲ್ಲೇ.

ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ರೋಗ) ಮತ್ತು ರೆಟಿನೈಟಿಸ್ ಪಿಗ್ಮೆಂಟೋಸಾದ (ಅಕ್ಷಿಪಟಲ ಕ್ರಮೇಣ ಸವೆಯುವ ವಂಶಪಾರಂಪರ್ಯ ರೋಗ) ಮುಂದುವರಿದ ಹಂತದಲ್ಲಿ ಕಥೆ ತಿರುಗುಮುರುಗು. ನಡುವಿನ ನೋಟ ಚೆನ್ನಾಗಿರುತ್ತದೆ, ಸುತ್ತ ಕೊಳವೆಯಂತೆ ಮುಚ್ಚಿಕೊಂಡಿರುತ್ತದೆ. 5 ಡಿಗ್ರಿ ಮಾತ್ರ ಉಳಿದವರಿಗೆ 40 ಸೆಂ.ಮೀ. ದೂರದಲ್ಲಿ ಕಾಣುವುದು ಸುಮಾರು ಮೂರೂವರೆ ಸೆಂ.ಮೀ. ಅಗಲ. ಅದಕ್ಕೆ ನಾಲ್ಕು ಪಟ್ಟು ಹಿಗ್ಗಿಸುವ ಮಸೂರ ಕೊಟ್ಟರೆ ಪುಟದ ಒಂದು ಸೆಂ.ಮೀ. ಕೂಡ ಕಾಣುವುದಿಲ್ಲ. ಇವರಿಗೆ ಭೂತಗನ್ನಡಿ ಉಪಕಾರವಲ್ಲ, ಉಪದ್ರವ. ಬೆಳಕು, ಕಾಂಟ್ರಾಸ್ಟ್ (ಅಕ್ಷರದ ಕಪ್ಪಿಗೂ ಹಾಳೆಯ ಬಿಳುಪಿಗೂ ಇರುವ ಅಂತರ), ಸಾಲು ತಪ್ಪದಂತೆ ತಡೆಯುವ ಕಪ್ಪು ಪಟ್ಟಿ ಇವುಗಳಿಂದಲೇ ಹೆಚ್ಚು ಲಾಭ. ಪಾರ್ಶ್ವವಾಯುವಿನ ನಂತರ ಬಲಗಡೆಯ ಅರ್ಧನೋಟ ಹೋದವರಿಗೆ ಮುಂದಿನ ಪದ ಎಲ್ಲಿದೆ ಎಂದು ಕಾಣದೆ ಓದು ಮುಗ್ಗರಿಸುತ್ತದೆ. ಎಡಗಡೆ ಹೋದವರು ಸಾಲಿನ ಮೊದಲ ಪದವನ್ನೇ ಬಿಟ್ಟು ಓದುತ್ತಾರೆ. ಇವರಿಬ್ಬರಿಗೂ ಮಸೂರ ಮೊದಲ ಮದ್ದಲ್ಲ.

ಶಕ್ತಿ ಎಷ್ಟು ಬೇಕು?

ಇದಕ್ಕೊಂದು ಸರಳ ಲೆಕ್ಕವಿದೆ. ಒಂದು ಮೀಟರ್ ದೂರದಿಂದ ನೋಡಿದಾಗ ಕಣ್ಣಿನಲ್ಲಿ 5 ಮಿನಿಟ್ (ಡಿಗ್ರಿಯ ಅರವತ್ತನೇ ಒಂದು ಪಾಲು ಒಂದು ಮಿನಿಟ್) ಕೋನ ಮಾಡುವ ಅಕ್ಷರದ ಗಾತ್ರಕ್ಕೆ 1ಎಂ ಎಂದು ಹೆಸರು. ಎತ್ತರ ಸುಮಾರು 1.45 ಮಿ.ಮೀ., ಅಂದರೆ ಪತ್ರಿಕೆಯ ಸಣ್ಣಕ್ಷರದ ಆಸುಪಾಸು. ಒಬ್ಬರು ಚಾಳೀಸು ಹಾಕಿಕೊಂಡು 40 ಸೆಂ.ಮೀ.ನಿಂದ 2ಎಂ ಅಕ್ಷರವನ್ನು ಹೇಗೋ ಓದುತ್ತಾರೆ ಎನ್ನೋಣ. ಓದಬೇಕಾದದ್ದು 1ಎಂ. ಎರಡು ಪಟ್ಟು ಸಾಕಲ್ಲ ಎನ್ನಿಸುತ್ತದೆ. ಸಾಲದು. 'ಹೇಗೋ ಓದುವ' ಗಾತ್ರದಲ್ಲಿ ಯಾರೂ ಪುಟಗಟ್ಟಲೆ ಓದುವುದಿಲ್ಲ. ಸರಾಗ ಓದಿಗೆ ಕನಿಷ್ಠ ಗಾತ್ರದ ಎರಡು ಪಟ್ಟಾದರೂ ಮೀಸಲು ಬೇಕು. ಹಾಗಾದರೆ ಬೇಕಿರುವುದು ನಾಲ್ಕು ಪಟ್ಟು: 40 ಸೆಂ.ಮೀ.ಯನ್ನು ನಾಲ್ಕರಿಂದ ಭಾಗಿಸಿದರೆ 10 ಸೆಂ.ಮೀ., ಅಂದರೆ +10 ಡಯಾಪ್ಟರ್. ಬೆಲೆಪಟ್ಟಿ, ಔಷಧಿಯ ಲೇಬಲ್ ನೋಡುವುದಕ್ಕೆ ಮಾತ್ರ ಆದರೆ ಮೀಸಲು ಕಡಿಮೆ ಇದ್ದರೂ ನಡೆದೀತು. ಕಾದಂಬರಿಗೆ ನಡೆಯುವುದಿಲ್ಲ.

ಈ ಮೀಸಲನ್ನು ಅಳೆಯಲು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಎಂಎನ್‌ರೀಡ್ ಮಾದರಿಯ ಪಟ್ಟಿ ಬಳಸುತ್ತಾರೆ. ಸಮ ಉದ್ದದ ವಾಕ್ಯಗಳು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತಾ ಹೋಗುತ್ತವೆ, ಪ್ರತಿ ವಾಕ್ಯಕ್ಕೂ ಗಡಿಯಾರ ಹಿಡಿಯುತ್ತಾರೆ. ವೇಗ ಒಂದು ಗಾತ್ರದವರೆಗೆ ಬಹುತೇಕ ಸಮನಾಗಿದ್ದು, ಆಮೇಲೆ ಥಟ್ಟನೆ ಕುಸಿಯುತ್ತದೆ. ಆ ಕುಸಿತ ಶುರುವಾಗುವ ಗಾತ್ರಕ್ಕೆ ಮಸೂರ ಕೊಡಬೇಕು, ಓದಲು ಆದ ಕೊನೆಯ ಸಾಲಿಗಲ್ಲ. ಕನ್ನಡದಲ್ಲಿ ಇದೇ ಪರೀಕ್ಷೆ ಮಾಡುವಾಗ ನಿಮಿಷಕ್ಕೆ ಎಷ್ಟು ಪದ ಎಂದು ಎಣಿಸಬೇಡಿ. 'ಹೋಗಬೇಕಾಗಿತ್ತಂತೆ' ಕೂಡ ಒಂದೇ ಪದ, 'ಆ' ಕೂಡ ಒಂದೇ ಪದ. ಅಕ್ಷರಗಳ ಲೆಕ್ಕ ಹಿಡಿದರೆ ನ್ಯಾಯ.

ಇನ್ನೊಂದು ಮೀಸಲಿದೆ, ಅದನ್ನು ಅಳೆಯುವವರು ಕಡಿಮೆ: ಕಾಂಟ್ರಾಸ್ಟ್. 1988ರಲ್ಲಿ ಬಂದ ಪೆಲ್ಲಿ-ರಾಬ್ಸನ್ ಪಟ್ಟಿಯಲ್ಲಿ ಅಕ್ಷರದ ಗಾತ್ರ ಒಂದೇ, ಕಪ್ಪು ಮಾತ್ರ ಮಂಕಾಗುತ್ತಾ ಹೋಗುತ್ತದೆ. ಅದರಲ್ಲಿ 1.0 ಅಂಕ ಬಂದರೆ ಶೇ 10ಕ್ಕಿಂತ ತಿಳಿಯಾದ ಮಸಿ ಕಾಣುವುದಿಲ್ಲ ಎಂದರ್ಥ. ಸರಾಗ ಓದಿಗೆ ಅಕ್ಷರದ ಕಪ್ಪು ಈ ಮಿತಿಯ ಹತ್ತು ಪಟ್ಟಾದರೂ ಇರಬೇಕು. ಬಿಳಿ ಹಾಳೆಯ ಕಡುಗಪ್ಪು ಮುದ್ರಣ ಅಂಚಿನಲ್ಲಿ ಪಾಸಾದೀತು, ಬೂದು ಕಾಗದದ ಪತ್ರಿಕೆ ಆಗಲಾರದು. ಗಾಜಿನ ಮಸೂರ ಅಕ್ಷರವನ್ನು ಹಿಗ್ಗಿಸುತ್ತದೆಯೇ ಹೊರತು ಮಸಿಯನ್ನು ಕಪ್ಪಾಗಿಸುವುದಿಲ್ಲ. ಅದನ್ನು ಮಾಡಬಲ್ಲದ್ದು ಪರದೆ ಒಂದೇ. ಇಷ್ಟು ತಿಳಿದುಕೊಂಡರೆ ಮುಂದಿನ ಆಯ್ಕೆ ಅರ್ಧ ಮುಗಿದಂತೆ.

ಕೈಮಸೂರ

ಜೇಬಿನಲ್ಲಿ ಹಿಡಿಯುತ್ತದೆ, ಎಲ್ಲರಿಗೂ ಪರಿಚಿತ, ಎಲ್ಲರೂ ತಪ್ಪಾಗಿ ಹಿಡಿಯುತ್ತಾರೆ. ಸರಿಯಾದ ಕ್ರಮ ಹೀಗೆ: ಮಸೂರವನ್ನು ಪುಟದ ಮೇಲೆ ಮಲಗಿಸಿ. ನಿಧಾನವಾಗಿ ಮೇಲಕ್ಕೆತ್ತಿ. ಅಕ್ಷರ ಹಿಗ್ಗುತ್ತಾ ಹೋಗಿ ಮಸೂರದ ತುಂಬ ಹರಡಿ, ಇನ್ನು ಎತ್ತಿದರೆ ಅಂಚು ಕದಡುತ್ತದೆ ಎನ್ನುವ ಹಂತ ಬರುತ್ತದೆ. ಅದಕ್ಕಿಂತ ಕೂದಲೆಳೆ ಕೆಳಗೆ ನಿಲ್ಲಿಸಿ. +10 ಆದರೆ ಆ ಎತ್ತರ 10 ಸೆಂ.ಮೀ. ಈಗ ಮಸೂರ ಮತ್ತು ಪುಸ್ತಕ ಎರಡನ್ನೂ ಒಟ್ಟಿಗೆ ಮುಖದ ಹತ್ತಿರ ತನ್ನಿ.

ಹತ್ತಿರ ತಂದಾಗ ಅಕ್ಷರ ಇನ್ನಷ್ಟು ದೊಡ್ಡದಾಗುತ್ತದೆಂದು ಅನೇಕರ ನಂಬಿಕೆ. ಪುಟ ಸಂಗಮದೂರದಲ್ಲಿದ್ದರೆ ಗಾತ್ರ ಬದಲಾಗುವುದಿಲ್ಲ, ಕಾಣುವ ಅಗಲ ಬದಲಾಗುತ್ತದೆ. ಮಸೂರದ ವ್ಯಾಸವನ್ನು ಸಂಗಮದೂರದಿಂದ ಗುಣಿಸಿ, ಕಣ್ಣಿಗೂ ಮಸೂರಕ್ಕೂ ಇರುವ ದೂರದಿಂದ ಭಾಗಿಸಿದರೆ ಆ ಅಗಲ ಸಿಗುತ್ತದೆ. 50 ಮಿ.ಮೀ. ವ್ಯಾಸದ +10 ಮಸೂರವನ್ನು 40 ಸೆಂ.ಮೀ. ದೂರ ಹಿಡಿದರೆ ಕಾಣುವುದು 12.5 ಮಿ.ಮೀ., ಎಂದರೆ ಒಂದು ಪುಟ್ಟ ಪದ. ಅದನ್ನೇ 10 ಸೆಂ.ಮೀ.ಗೆ ತಂದರೆ 50 ಮಿ.ಮೀ., ಅರ್ಧ ಸಾಲು. 'ಮಸೂರ ಚಿಕ್ಕದಾಯಿತು, ದೊಡ್ಡದು ಕೊಡಿ' ಎನ್ನುವವರಲ್ಲಿ ಬಹುಪಾಲು ಜನರಿಗೆ ಬೇಕಿರುವುದು ದೊಡ್ಡ ಮಸೂರವಲ್ಲ, ಹತ್ತಿರದ ಕಣ್ಣು. ದೊಡ್ಡದೂ ಆಗಿರಬೇಕು, ಹೆಚ್ಚು ಶಕ್ತಿಯದ್ದೂ ಆಗಿರಬೇಕು ಎಂದರೆ ಸಿಗುವುದಿಲ್ಲ. ಶಕ್ತಿ ಏರಿದಂತೆ ಮಸೂರದ ಉಬ್ಬು ಹೆಚ್ಚಿ ಅಂಚಿನಲ್ಲಿ ಅಕ್ಷರ ಬಾಗುತ್ತದೆ, ಹಾಗಾಗಿ ತಯಾರಕರು ವ್ಯಾಸವನ್ನೇ ಕಡಿಮೆ ಮಾಡುತ್ತಾರೆ. ಆಸ್ಫೆರಿಕ್ ಮೇಲ್ಮೈ (ನಡುವಿನಿಂದ ಅಂಚಿಗೆ ಉಬ್ಬು ಬದಲಾಗುವಂತೆ ರೂಪಿಸಿದ್ದು) ಇದ್ದರೆ ಬಾಗುವಿಕೆ ಕಡಿಮೆ. +12ರ ಮೇಲೆ ಆಸ್ಫೆರಿಕ್ ಅಲ್ಲದ್ದನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ.

ಬೈಫೋಕಲ್ ಹಾಕುವವರಿಗೆ ಒಂದು ಹಳ್ಳವಿದೆ. ಮಸೂರವನ್ನು ಕಣ್ಣಿನಿಂದ ಅದರ ಸಂಗಮದೂರಕ್ಕಿಂತ ಆಚೆ ಹಿಡಿದು, ಕನ್ನಡಕದ ಕೆಳಭಾಗದ ಓದುವ ಗಾಜಿನಿಂದ ನೋಡಿದರೆ ಶಕ್ತಿ ಕೂಡುವುದಿಲ್ಲ, ಕಳೆಯುತ್ತದೆ. +10 ಮಸೂರ, +2.5 ಓದುವ ಗಾಜು, ನಡುವೆ 20 ಸೆಂ.ಮೀ. ಇದ್ದರೆ ಒಟ್ಟು ಶಕ್ತಿ 12.5 ಅಲ್ಲ, 7.5. ಕೈಮಸೂರವನ್ನು ದೂರ ಹಿಡಿದಾಗ ಕನ್ನಡಕದ ಮೇಲ್ಭಾಗದಿಂದ, ಅಂದರೆ ದೂರದ ನೋಟದ ಗಾಜಿನಿಂದ ನೋಡಬೇಕು.

ತೀರ್ಪು: ಚಿಕ್ಕ ಓದಿಗೆ, ಓಡಾಟದಲ್ಲಿ ಇದನ್ನು ಮೀರಿಸಿದ್ದು ಇಲ್ಲ. ಕೈ ನಡುಗುವವರಿಗೆ, ಸಂಧಿವಾತವಿರುವವರಿಗೆ, ದೀರ್ಘ ಓದಿಗೆ ಬೇಡ.

ಸ್ಟ್ಯಾಂಡ್ ಮಸೂರ

ಕಾಲಿನ ಮೇಲೆ ಕೂತ ಮಸೂರ. ಪುಟದ ಮೇಲಿಟ್ಟು ಜಾರಿಸುತ್ತಾ ಹೋದರಾಯಿತು, ಎತ್ತರ ತಾನೇ ಸರಿ ಇರುತ್ತದೆ. ಈಗ ಹೆಚ್ಚಿನವು ಎಲ್ಇಡಿ ದೀಪದೊಂದಿಗೇ ಬರುತ್ತವೆ. ನಡುಗುವ ಕೈಗೆ ಇದೇ ಗತಿ, ಒಳ್ಳೆಯ ಗತಿಯೇ.

ಆದರೆ 'ಹೊಸ ಮಸೂರವೂ ಮಸುಕು' ಎಂಬ ದೂರು ಅತಿ ಹೆಚ್ಚು ಬರುವುದೂ ಇದರ ಮೇಲೆಯೇ. ಕಾರಣ ಸರಳ. ಹೆಚ್ಚಿನ ಸ್ಟ್ಯಾಂಡ್ ಮಸೂರಗಳ ಕಾಲನ್ನು ಸಂಗಮದೂರಕ್ಕಿಂತ ತುಸು ಗಿಡ್ಡ ಮಾಡಿರುತ್ತಾರೆ, ಅಂಚಿನ ಬಾಗುವಿಕೆ ತಗ್ಗಲಿ ಎಂದು. ಹೀಗಾದಾಗ ಪ್ರತಿಬಿಂಬ ಅನಂತ ದೂರದಲ್ಲಿ ಮೂಡದೆ ಮಸೂರದ ಕೆಳಗೆ ಹತ್ತಿರದಲ್ಲೇ ಮೂಡುತ್ತದೆ. ಅದನ್ನು ಸ್ಪಷ್ಟವಾಗಿ ಕಾಣಲು ನಲವತ್ತೈದು ದಾಟಿದ ಕಣ್ಣಿಗೆ ಚಾಳೀಸು ಬೇಕೇ ಬೇಕು. ಕೈಮಸೂರಕ್ಕೆ ಹೇಳಿದ್ದಕ್ಕೆ ಪೂರಾ ಉಲ್ಟಾ. ಚಾಳೀಸು ತೆಗೆದಿಟ್ಟು ನೋಡುವವರು ಮಸುಕು ಕಂಡು ಮಸೂರವನ್ನೇ ಪುಟದಿಂದ ಮೇಲಕ್ಕೆತ್ತುತ್ತಾರೆ, ಆಗ ಸ್ಟ್ಯಾಂಡಿಗೆ ಕೊಟ್ಟ ದುಡ್ಡು ದಂಡ. ತಾಂತ್ರಿಕ ವಿವರಪಟ್ಟಿಯಲ್ಲಿ ಪ್ರತಿಬಿಂಬದ ದೂರ ಕೊಡುವ ತಯಾರಕರನ್ನು ನಂಬಬಹುದು. ಆ ದೂರ ಗೊತ್ತಿದ್ದರೆ ಚಾಳೀಸಿನ ನಂಬರನ್ನು ಅದಕ್ಕೇ ಹೊಂದಿಸಬಹುದು.

ಉಳಿದ ತೊಂದರೆಗಳು ಪುಸ್ತಕದವು. ದಪ್ಪ ಪುಸ್ತಕದ ನಡುಮಡಿಕೆಯಲ್ಲಿ ಕಾಲು ಕೂರುವುದಿಲ್ಲ, ಮಸೂರ ವಾಲಿ ಒಂದು ಬದಿ ಮಸುಕಾಗುತ್ತದೆ. ಪತ್ರಿಕೆ ತೊಡೆಯ ಮೇಲೆ ಜೋಲುತ್ತದೆ. ಕ್ಲಿಪ್ ಇರುವ ಗಟ್ಟಿ ಹಲಗೆ, ಅದರಡಿ ಓರೆ ಸ್ಟ್ಯಾಂಡ್ ಇಲ್ಲದೆ ಇದನ್ನು ಬಳಸಬೇಡಿ. ಬಗ್ಗಿ ಓದಿದರೆ ಹತ್ತು ನಿಮಿಷಕ್ಕೆ ಕುತ್ತಿಗೆ ಹಿಡಿಯುತ್ತದೆ, ಆಮೇಲೆ ಬೈಗುಳ ಮಸೂರಕ್ಕೆ. ನುಣುಪು ಕಾಗದದಲ್ಲಿ ಒಳಗಿನ ದೀಪದ ಬಿಂಬ ಬಿಳಿ ಮಚ್ಚೆಯಾಗಿ ಕೂರುವುದೂ ಉಂಟು, ಹಲಗೆಯ ಓರೆಯನ್ನೋ ತಲೆಯನ್ನೋ ಕೊಂಚ ಬದಲಿಸಿದರೆ ಸರಿಯುತ್ತದೆ. ಬ್ಯಾಟರಿ ಇಳಿದಂತೆ ಬೆಳಕು ಮೆಲ್ಲಗೆ ಮಂಕಾಗುವ ಮಾದರಿಗಳಲ್ಲಿ ಅದು ಬಳಸುವವರ ಗಮನಕ್ಕೇ ಬರುವುದಿಲ್ಲ, 'ಕಣ್ಣು ಇನ್ನೂ ಹದಗೆಟ್ಟಿತು' ಎಂದುಕೊಳ್ಳುತ್ತಾರೆ. ಮೊದಲು ಸೆಲ್ ಬದಲಿಸಿ ನೋಡಿ.

ಗುಮ್ಮಟ ಮಸೂರ ಇದರದೇ ತಂಗಿ: ಅಡಿ ಚಪ್ಪಟೆ, ಮೇಲೆ ಅರ್ಧಗೋಳ. ಹಿಗ್ಗಿಸುವುದು ಎರಡು ಪಟ್ಟಿಗಿಂತ ಸ್ವಲ್ಪ ಕಡಿಮೆ, ಆದರೆ ಸುತ್ತಲ ಬೆಳಕನ್ನು ಪುಟಕ್ಕೆ ಕೂಡಿಸುತ್ತದೆ. ಹಿಡಿಯುವ ಕಷ್ಟವಿಲ್ಲ, ಮಕ್ಕಳು ಮೊದಲ ದಿನವೇ ಒಪ್ಪುತ್ತಾರೆ. ಎಳೆಯ ಕಣ್ಣಿಗೆ ಹತ್ತಿರ ನೋಡುವ ಶಕ್ತಿ ಇರುವುದರಿಂದ ಪುಸ್ತಕವನ್ನು ಮುಖದ ಹತ್ತಿರ ತಂದು, ಮೇಲೆ ಈ ಗುಮ್ಮಟ ಇಟ್ಟರೆ ಶಾಲೆಯ ಬಹುಪಾಲು ಓದು ಸಾಗುತ್ತದೆ. ಹತ್ತಿರ ಹಿಡಿದು ಓದಿದರೆ ಕಣ್ಣು ಕೆಡುತ್ತದೆ ಎಂದು ಗದರುವವರನ್ನು ತಡೆಯುವುದೇ ಕಷ್ಟದ ಕೆಲಸ. ಉಳಿದ ನೋಟವನ್ನು ಬಳಸುವುದರಿಂದ ಅದು ಸವೆಯುವುದಿಲ್ಲ.

ಹೆಚ್ಚು ಶಕ್ತಿಯ ಓದುವ ಕನ್ನಡಕ

ಎರಡೂ ಕೈ ಖಾಲಿ, ಕಾಣುವ ಅಗಲ ಎಲ್ಲ ಮಸೂರಗಳಿಗಿಂತ ಹೆಚ್ಚು, ನೋಡಲು ಮಾಮೂಲಿ ಕನ್ನಡಕದಂತೆಯೇ. ಎರಡು ಕಣ್ಣಿನಿಂದಲೂ ಓದುವಂತಿದ್ದರೆ +12ರವರೆಗೆ ಅರ್ಧಚೌಕಟ್ಟಿನ ಪ್ರಿಸಂ ಕನ್ನಡಕ ಒಳ್ಳೆಯದು. ಅಷ್ಟು ಹತ್ತಿರದ ಪುಟಕ್ಕೆ ಕಣ್ಣುಗಳೆರಡೂ ವಿಪರೀತ ಒಳಕ್ಕೆ ತಿರುಗಬೇಕಾಗುತ್ತದೆ. ಆ ಶ್ರಮ ತಪ್ಪಿಸಲು ಮೂಗಿನ ಕಡೆಗೆ ದಪ್ಪವಿರುವ, ಬೆಳಕನ್ನು ಬಾಗಿಸುವ ಪ್ರಿಸಂ ಸೇರಿಸುತ್ತಾರೆ. ಡಯಾಪ್ಟರ್‌ಗಿಂತ ಎರಡು ಹೆಚ್ಚು ಪ್ರಿಸಂ ಬಲ ಎಂಬುದು ರೂಢಿಯ ಲೆಕ್ಕ: +6ಕ್ಕೆ ಪ್ರತಿ ಕಣ್ಣಿಗೆ 8, +10ಕ್ಕೆ 12. ಪ್ರಿಸಂ ಇಲ್ಲದ ಅಗ್ಗದ ಜೋಡಿಯಲ್ಲಿ ಅಕ್ಷರ ಎರಡೆರಡು ಕಾಣುತ್ತವೆ, ಇಲ್ಲವೇ ತಲೆನೋವು ಬರುತ್ತದೆ. +12 ದಾಟಿದರೆ ಒಂದೇ ಕಣ್ಣಿಗೆ ಕೊಡುವುದು ವಾಡಿಕೆ.

ಕಷ್ಟವೆಲ್ಲ ದೂರದ್ದು. +10ರಲ್ಲಿ ಪುಟ ಕಣ್ಣಿನಿಂದ 10 ಸೆಂ.ಮೀ.ನಲ್ಲಿ ಇರಬೇಕು. ಕೆಲವು ಮಿ.ಮೀ. ಆಚೀಚೆಯಾದರೆ ಮಸುಕು. ಪುಸ್ತಕವನ್ನು ಮೂಗಿಗೆ ತಾಗಿಸಿ, ಅಲ್ಲಿಂದ ನಿಧಾನ ಹಿಂದಕ್ಕೆ ಸರಿಸಿ, ಸ್ಪಷ್ಟವಾದಲ್ಲಿ ನಿಲ್ಲಿಸಿ, ಮೊಣಕೈಯನ್ನು ಮೇಜಿಗೂರಿ. ಸಾಲಿನ ಉದ್ದಕ್ಕೂ ತಲೆ ತಿರುಗಿಸಬೇಡಿ, ಪುಸ್ತಕವನ್ನೇ ಎಡಕ್ಕೆ ಸರಿಸಿ. ಇಷ್ಟು ಹತ್ತಿರದಲ್ಲಿ ತಲೆಯ ನೆರಳೇ ಪುಟವನ್ನು ಮುಚ್ಚುತ್ತದೆ, ಆದ್ದರಿಂದ ಪಕ್ಕದಿಂದ ದೀಪ ಕಡ್ಡಾಯ. ಹಾಕಿಕೊಂಡು ಎದ್ದು ನಡೆದರೆ ಬೀಳುವುದು ಖಚಿತ. ಅರ್ಧಚೌಕಟ್ಟು ಇರುವುದು ಮೇಲಿನಿಂದ ಕೋಣೆ ಕಾಣಲಿ ಎಂದೇ.

ವಿಡಿಯೊ ಮ್ಯಾಗ್ನಿಫೈಯರ್

1960ರ ದಶಕದ ಕೊನೆಯಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯ ಗಣಿತಜ್ಞ ಸ್ಯಾಮ್ಯುಯೆಲ್ ಜೆನೆನ್ಸ್ಕಿ, ಸ್ವತಃ ಮಂದದೃಷ್ಟಿಯವರು, ಸಹೋದ್ಯೋಗಿಗಳ ಜೊತೆ ಸೇರಿ ಟಿವಿ ಕ್ಯಾಮೆರಾವನ್ನು ಓದುವ ಯಂತ್ರವಾಗಿಸಿದರು. ಈಗಿನ ಮೇಜಿನ ಮಾದರಿಗಳು ಅದರ ಸಂತತಿ: ಮೇಲೆ ಕ್ಯಾಮೆರಾ, ಕೆಳಗೆ ಎಡಬಲ-ಹಿಂದುಮುಂದು ಜಾರುವ ತಟ್ಟೆ, ಎದುರಿಗೆ ಪರದೆ.

40 ಸೆಂ.ಮೀ.ನಿಂದ 2ಎಂ ಅಕ್ಷರವನ್ನು ಹೇಗೋ ಓದುತ್ತಿದ್ದ ಮೇಲಿನ ಉದಾಹರಣೆಯವರನ್ನೇ ಇಲ್ಲಿ ಕೂರಿಸೋಣ. 40 ಸೆಂ.ಮೀ. ದೂರ ಕೂತರೆ ಅವರಿಗೆ ನಾಲ್ಕು ಪಟ್ಟು ಸಾಕು. ಪರದೆಯ ಅಗಲ 48 ಸೆಂ.ಮೀ. ಇದ್ದರೆ ನಾಲ್ಕು ಪಟ್ಟಿನಲ್ಲಿ ಪುಟದ 12 ಸೆಂ.ಮೀ. ಕಾಣುತ್ತದೆ. ಮಾಮೂಲಿ ಪುಸ್ತಕದ ಇಡೀ ಸಾಲು! ಅದೂ ನೆಟ್ಟಗೆ ಕೂತು, ಎರಡೂ ಕಣ್ಣು ತೆರೆದು. ಜೊತೆಗೆ ಕಾಂಟ್ರಾಸ್ಟ್ ಏರಿಸಬಹುದು, ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಥವಾ ಹಳದಿ ಅಕ್ಷರ ಮಾಡಬಹುದು. ಕಣ್ಣಿನ ಪಾರದರ್ಶಕ ಭಾಗ ಮಸುಕಾಗಿ ಬೆಳಕು ಚದುರುವವರಿಗೆ ಈ ತಿರುಗಿಸಿದ ಬಣ್ಣ ವರದಾನ. ದೀರ್ಘ ಓದಿಗೆ ನಮ್ಮ ಮೊದಲ ಆಯ್ಕೆ ಇದೇ.

ಕೊಳ್ಳುವಾಗ ಪರದೆಯ ಗಾತ್ರಕ್ಕಿಂತ ಮೊದಲು ತಟ್ಟೆಯನ್ನು ಮುಟ್ಟಿ ನೋಡಿ. ಅದು ಬೆಣ್ಣೆಯಂತೆ ಜಾರಬೇಕು, ಆದರೆ ತಾನಾಗಿ ಓಡಬಾರದು. ಬಿಗಿತ ಹೆಚ್ಚಿಸುವ ಬ್ರೇಕ್ ಇರಬೇಕು, ಎಡ-ಬಲ ಅಂಚಿನ ತಡೆಗಳೂ ಇದ್ದರೆ ಒಳ್ಳೆಯದು. ತಡೆಯನ್ನು ಸಾಲಿನ ಉದ್ದಕ್ಕೆ ಹೊಂದಿಸಿದರೆ ಸಾಲಿನ ಮೊದಲು ಹುಡುಕುವ ಗೋಳು ತಪ್ಪುತ್ತದೆ. ಸಾಲು ಮುಗಿದ ಮೇಲೆ ಮೊದಲು ಅದೇ ಸಾಲಿನಲ್ಲಿ ಹಿಂದಕ್ಕೆ ಬಂದು, ಆಮೇಲೆ ಒಂದು ಸಾಲು ಕೆಳಗಿಳಿಯಬೇಕು. ಓರೆಯಾಗಿ ನೇರ ಕೆಳಸಾಲಿಗೆ ಹಾರಲು ಹೋದವರು ದಾರಿ ತಪ್ಪುತ್ತಾರೆ. ಇನ್ನೊಂದು ಪರೀಕ್ಷೆ: ತಟ್ಟೆಯನ್ನು ವೇಗವಾಗಿ ಸರಿಸಿದಾಗ ಅಕ್ಷರದ ಹಿಂದೆ ಬಾಲದಂತೆ ನೆರಳು ಎಳೆದರೆ ಆ ಯಂತ್ರ ಬಿಡಿ. ತಲೆಸುತ್ತು ಬರುವುದು ಅದರಿಂದಲೇ. ಹಿಗ್ಗಿಸುವಿಕೆ ಬೇಕಾದ್ದಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದೂ ತಲೆಸುತ್ತಿಗೆ ದಾರಿ. ಮೊದಲ ವಾರ ಬಹುತೇಕರು ಗುಂಡಿಯನ್ನು ಗರಿಷ್ಠಕ್ಕೆ ತಿರುಗಿಸಿಡುತ್ತಾರೆ.

ಕೈಯಲ್ಲಿ ಹಿಡಿಯುವ ಐದಿಂಚಿನ ವಿಡಿಯೊ ಮಾದರಿಯ ಪರದೆ ಅಗಲ ಸುಮಾರು 11 ಸೆಂ.ಮೀ. ನಾಲ್ಕು ಪಟ್ಟಿನಲ್ಲಿ ಪುಟದ ಮೂರು ಸೆಂ.ಮೀ.ಗಿಂತ ಕಡಿಮೆ. ಅಂಗಡಿಯ ಲೇಬಲ್, ಬಿಲ್ಲು, ಪತ್ರಕ್ಕೆ ಸೊಗಸು. ಪುಸ್ತಕಕ್ಕೆಂದು ಕೊಂಡರೆ ನಿರಾಸೆ.

ಮೊಬೈಲ್, ಟ್ಯಾಬ್ಲೆಟ್

ಐಫೋನಿನಲ್ಲಿ ಮ್ಯಾಗ್ನಿಫೈಯರ್ 2016ರಿಂದ ಅಂತರ್ಗತ. ಆಂಡ್ರಾಯ್ಡ್‌ನಲ್ಲೂ ಇಂಥ ಆ್ಯಪ್‌ಗಳಿವೆ. ಹೊಸದಾಗಿ ಏನನ್ನೂ ಕೊಳ್ಳದೆ ಶುರುಮಾಡಬಹುದು ಎಂಬುದೇ ದೊಡ್ಡ ಅಂಕ. ಆದರೆ ಎಂಟು ಪಟ್ಟು ಹಿಗ್ಗಿಸಿದರೆ ಕೈಯ ನಡುಕವೂ ಎಂಟು ಪಟ್ಟು. ತೀರಾ ಹತ್ತಿರ ಹಿಡಿದರೆ ಕ್ಯಾಮೆರಾ ಫೋಕಸ್ ಆಗುವುದಿಲ್ಲ, ಫೋನಿನ ನೆರಳು ಪುಟಕ್ಕೆ ಬೀಳುತ್ತದೆ, ಟಾರ್ಚ್ ಹಚ್ಚಿದರೆ ನುಣುಪು ಕಾಗದ ಹೊಳೆಯುತ್ತದೆ. ಪರಿಹಾರ: ಚಿತ್ರವನ್ನು ಸ್ತಬ್ಧಗೊಳಿಸಿ, ಫೋನನ್ನು ಆರಾಮಾಗಿ ಹಿಡಿದು, ಬೆರಳಿನಿಂದ ಹಿಗ್ಗಿಸಿ ಓದುವುದು. ಬಾಗುವ ತೋಳಿನ ಹೋಲ್ಡರ್ ಇದ್ದರೆ ಇನ್ನೂ ಮೇಲು.

ಟ್ಯಾಬ್ಲೆಟ್‌ನ ನಿಜವಾದ ಬಲ ಕ್ಯಾಮೆರಾದಲ್ಲಿಲ್ಲ, ಅಕ್ಷರ ದೊಡ್ಡದಾದಂತೆ ಸಾಲು ತಾನಾಗಿ ಮಡಚಿಕೊಳ್ಳುವ ಇ-ಪುಸ್ತಕದಲ್ಲಿದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಪ್ರತಿ ಸಾಲಿಗೂ ಅಡ್ಡ ಎಳೆಯಬೇಕು, ಅದು ಓದಲ್ಲ, ನೇಗಿಲು ಹೂಡಿದ ಹಾಗೆ. ಸಾಲು ತಾನಾಗಿ ಮಡಚಿಕೊಳ್ಳುವ ಇಪಬ್ ಬಗೆಯ ಕಡತ ಹುಡುಕಿ. ಅಕ್ಷರದ ಜೊತೆಗೆ ಸಾಲಿನ ಅಂತರವನ್ನೂ ಹೆಚ್ಚಿಸಿ, ಒತ್ತಕ್ಷರಕ್ಕೆ ಉಸಿರಾಡಲು ಜಾಗ ಬೇಕು. ಫಾಂಟಿನಲ್ಲಿ ತೆಳು-ದಪ್ಪದ ನಾಜೂಕು ಬೇಡ, ಗೆರೆ ಎಲ್ಲೆಡೆ ಒಂದೇ ದಪ್ಪವಿರಲಿ. ಕಣ್ಣು ದಣಿದಾಗ ಗಟ್ಟಿಯಾಗಿ ಓದಿಸುವ ಸೌಲಭ್ಯ ಕನ್ನಡಕ್ಕೂ ಇದೆ, ಆದರೆ ಕಡತ ಎಲ್ಲ ಯಂತ್ರಗಳೂ ಗುರುತಿಸುವ ಅಕ್ಷರಸಂಕೇತವಾದ ಯೂನಿಕೋಡ್‌ನಲ್ಲಿ ಇರಬೇಕು. ಹಳೆಯ ಫಾಂಟ್‌ಗಳಲ್ಲಿ ಅಚ್ಚು ಮಾಡಿದ ಪಿಡಿಎಫ್ ಪರದೆಯಲ್ಲಿ ಕನ್ನಡವಾಗಿಯೇ ಕಂಡರೂ ಯಂತ್ರ ಓದುವುದು ಅರ್ಥವಿಲ್ಲದ ಸದ್ದು. ಸ್ವಲ್ಪ ಕಣ್ಣು, ಸ್ವಲ್ಪ ಕಿವಿ ಎಂದು ಹಂಚಿಕೊಂಡು ಓದುವುದರಲ್ಲಿ ಸೋಲೇನೂ ಇಲ್ಲ.

ದೀಪ ಮತ್ತು ಕಪ್ಪು ಪಟ್ಟಿ

ಇವೆರಡಕ್ಕೂ ನಾವು ಕೊಡುವ ಅಂಕ ಹಲವು ಮಸೂರಗಳಿಗಿಂತ ಹೆಚ್ಚು. ದೀಪದ ದೂರವನ್ನು 60ರಿಂದ 30 ಸೆಂ.ಮೀ.ಗೆ ಇಳಿಸಿದರೆ ಪುಟದ ಬೆಳಕು ಸುಮಾರು ನಾಲ್ಕು ಪಟ್ಟಾಗುತ್ತದೆ. ಹೆಚ್ಚು ವ್ಯಾಟಿನ ಬಲ್ಬಿಗಿಂತ ಬಾಗುವ ಕತ್ತಿನ ದೀಪ ಲೇಸು. ಚೆನ್ನಾಗಿ ಕಾಣುವ ಕಣ್ಣಿನ ಬದಿಗೆ, ದೀಪದ ಬಾಯಿ ಕಣ್ಣಿಗೆ ಬೀಳದಂತೆ ತಗ್ಗಿಸಿ ಇಡಿ. ಆಲ್ಬಿನಿಸಂ (ಹುಟ್ಟಿನಿಂದಲೇ ಮೈಬಣ್ಣ, ಕಣ್ಣಿನ ಬಣ್ಣದ ಕೊರತೆ) ಇರುವವರಿಗೆ, ಅಕ್ಷಿಪಟಲದಲ್ಲಿ ಬಣ್ಣ ಗುರುತಿಸುವ ಕೋನ್ ಕೋಶಗಳ ರೋಗವಿರುವವರಿಗೆ ಹೆಚ್ಚು ಬೆಳಕು ಕುಕ್ಕುತ್ತದೆ, ಅವರಿಗೆ ಬೆಳಕು ಕಡಿಮೆ, ಬಣ್ಣದ ಫಿಲ್ಟರ್ ಹೆಚ್ಚು.

ಕಪ್ಪು ಪಟ್ಟಿಯನ್ನು ಮನೆಯಲ್ಲೇ ಕತ್ತರಿಸಬಹುದು. ಹೊಳಪಿಲ್ಲದ ಕಪ್ಪು ರಟ್ಟು, ಸುಮಾರು 18 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲ. ನಡುವೆ 12 ಸೆಂ.ಮೀ. ಉದ್ದದ, ಒಂದೂವರೆ ಸಾಲು ಕಾಣುವಷ್ಟು ಎತ್ತರದ ಕಿಂಡಿ. ಇಂಗ್ಲಿಷಿಗೆ ಮಾಡಿದ ಸಿದ್ಧ ಪಟ್ಟಿಯ ಕಿಂಡಿ ಗಿಡ್ಡವಾಗಿದ್ದರೆ ಕನ್ನಡದ ಒತ್ತಕ್ಷರ ಮುಚ್ಚಿಹೋಗುತ್ತದೆ. ಸುತ್ತಲ ಬಿಳಿ ಕಾಗದದ ಪ್ರಖರತೆ ತಗ್ಗುತ್ತದೆ, ಸಾಲೂ ತಪ್ಪುವುದಿಲ್ಲ.

ತರಬೇತಿ ಇಲ್ಲದ ಸೇವೆ ಅರೆಬರೆ ಸೇವೆ

ಮಂದದೃಷ್ಟಿ ಕ್ಲಿನಿಕ್ ಹೇಗಿದೆ ಎಂದು ಅಳೆಯಲು ಕೆಲವು ಗುರುತುಗಳಿವೆ. ಮೊದಲ ಪ್ರಶ್ನೆ 'ಏನು ಓದಬೇಕು?' ಎಂದಿರಬೇಕು. ಕನ್ನಡಕದ ನಂಬರನ್ನು ಹೊಸದಾಗಿ ತೆಗೆಯಬೇಕು, ಅದೂ ದೊಡ್ಡ ಹೆಜ್ಜೆಗಳಲ್ಲಿ. 6/60 ನೋಟದವರಿಗೆ ಕಾಲು ಡಯಾಪ್ಟರ್ ಬದಲಾವಣೆ ತಿಳಿಯುವುದೇ ಇಲ್ಲ, ಒಂದೊಂದು ಡಯಾಪ್ಟರ್ ಹೆಚ್ಚು ಕಡಿಮೆ ಮಾಡಿ ಕೇಳಬೇಕು. ಓದಿಸಿ ವೇಗ ಅಳೆಯಬೇಕು, ಕಾಂಟ್ರಾಸ್ಟ್ ನೋಡಬೇಕು. ಸಾಧನವನ್ನು ಒಂದೆರಡು ವಾರ ಮನೆಗೆ ಕೊಟ್ಟು ಕಳಿಸಿದರೆ ಅದು ಒಳ್ಳೆಯ ಜಾಗ. ಹದಿನೈದು ನಿಮಿಷದಲ್ಲಿ ಮಸೂರ ಕೈಗಿತ್ತು ಕಳಿಸುವಲ್ಲಿ ಮೂರು ತಿಂಗಳ ನಂತರ ಆ ಮಸೂರ ಮೇಜಿನ ಖಾನೆಯಲ್ಲಿರುತ್ತದೆ.

ನಡುನೋಟ ಹೋದವರಿಗೆ ಮೊದಲ ಪಾಠ ಮಸೂರವಿಲ್ಲದೆ. ಗಡಿಯಾರದ ಮುಖದಂತೆ ವೃತ್ತ ಬರೆದು, ನಡುವೆ ದೊಡ್ಡದಾಗಿ ಒಂದು ಅಕ್ಷರ ಇಡುತ್ತಾರೆ. ನೋಟವನ್ನು 12ಕ್ಕೆ, 3ಕ್ಕೆ, 6ಕ್ಕೆ, 9ಕ್ಕೆ ಹೊರಳಿಸುತ್ತಾ, ನಡುವಿನ ಅಕ್ಷರ ಯಾವಾಗ ತಿಳಿಯಾಗುತ್ತದೆ ಎಂದು ಗುರುತಿಸಬೇಕು. 12ನ್ನು ನೋಡುವಾಗ ತಿಳಿಯಾದರೆ ಸಾಲಿನ ತುಸು ಮೇಲೆ ನೋಡುತ್ತಾ ಓದುವುದು ಅವರ ದಾರಿ. ಓದಿಗೆ ಇದು ಅನುಕೂಲದ ಜಾಗವೂ ಹೌದು, ಕುರುಡು ಜಾಗ ಸಾಲಿನ ಮೇಲಕ್ಕೆ ಹೋಗಿ ಎಡಬಲ ತೆರವಾಗುತ್ತದೆ. ಆಮೇಲೆ ಬಿಡಿ ಅಕ್ಷರ, ಎರಡಕ್ಷರದ ಪದ, ಒತ್ತಕ್ಷರದ ಪದ, ಗಿಡ್ಡ ವಾಕ್ಯ. ನೋಟವನ್ನು ಹಾಗೇ ನಿಲ್ಲಿಸಿ ಪುಟವನ್ನು ಸರಿಸುವುದು ಎರಡನೆಯ ಪಾಠ. ಇಷ್ಟು ಬಂದ ಮೇಲೆ ಮಸೂರ, ಅದೂ ದೊಡ್ಡ ಮುದ್ರಣದಿಂದ ಆರಂಭಿಸಿ. ಒಂದು ಸಲಕ್ಕೆ 10-15 ನಿಮಿಷ, ದಿನಕ್ಕೆ ಎರಡು ಮೂರು ಸಲ. ಎಡೆಬಿಡದೆ ಒಂದು ಗಂಟೆ ಕೂತವರು ಮರುದಿನ ಕೂರುವುದಿಲ್ಲ. ವಾರಗಳ ಅಭ್ಯಾಸ ಬೇಕು, ಮೊದಲ ದಿನಗಳಲ್ಲಿ ವೇಗ ಹಿಂದಿಗಿಂತ ಕಡಿಮೆಯಾಗುವುದೂ ಸಹಜ.

ಇದ್ದಕ್ಕಿದ್ದಂತೆ ನೇರ ಗೆರೆಗಳು ಡೊಂಕಾಗಿ ಕಂಡರೆ, ಹೊಸ ಮಸುಕು ಬಂದರೆ ಅದು ಮಸೂರ ಬದಲಿಸುವ ಮಾತಲ್ಲ, ಕೂಡಲೇ ಕಣ್ಣಿನ ವೈದ್ಯರ ಬಳಿ ಹೋಗಬೇಕಾದದ್ದು. ಇಲ್ಲದ ಮುಖಗಳು, ಹೂಬಳ್ಳಿಗಳು ಕಾಣುವುದಾಗಿ ಹಿರಿಯರು ಹೇಳಿದರೆ ಗಾಬರಿ ಬೇಡ. ನೋಟ ಕುಂದಿದವರಲ್ಲಿ ಮಿದುಳು ಹೀಗೆ ಚಿತ್ರ ಕಟ್ಟುವುದುಂಟು, ಚಾರ್ಲ್ಸ್ ಬಾನೆ ಎಂಬ ಹೆಸರಿನ ಸಿಂಡ್ರೋಮ್ ಅದು. ಆದರೂ ವೈದ್ಯರಿಗೆ ತಿಳಿಸಿಡಿ.

ಕೊನೆಗೆ ಆರೈಕೆ. ಹೆಚ್ಚಿನ ಮಸೂರಗಳು ಈಗ ಪ್ಲಾಸ್ಟಿಕ್. ಒಣ ಬಟ್ಟೆಯಿಂದ ಉಜ್ಜಿದರೆ ಧೂಳೇ ಗೀರುತ್ತದೆ, ಗೀರುಗಳು ಬೆಳಕನ್ನು ಚದುರಿಸಿ ಕಾಂಟ್ರಾಸ್ಟ್ ಕದಿಯುತ್ತವೆ. ತಣ್ಣೀರಿನಲ್ಲಿ ಹಿಡಿದು, ಒಂದು ಹನಿ ಮೃದು ಸೋಪು ಹಚ್ಚಿ ಬೆರಳಲ್ಲೇ ತೊಳೆದು, ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ಒರೆಸಿ. ದೀಪವಿರುವ ಮಾದರಿಯನ್ನು ಮುಳುಗಿಸಬೇಡಿ. ಬಳಸಿದ ಮೇಲೆ ಕಿಟಕಿಯ ಬಿಸಿಲಿಗೆ ಬಿಡದೆ ಚೀಲಕ್ಕೆ ಹಾಕಿಡಿ. ಅಕ್ಷರವನ್ನು ಹಿಗ್ಗಿಸುವ ಅದೇ ಗಾಜು ಬಿಸಿಲನ್ನು ಒಂದು ಬಿಂದುವಿಗೆ ಕೂಡಿಸಿ ಮೇಜಿನ ಮೇಲಿನ ಪತ್ರಿಕೆಗೆ ಬೆಂಕಿ ಹೊತ್ತಿಸಬಲ್ಲದು.